ಹೊಟ್ಟೆ ಸೀಳದ ಅಕ್ಷರ

ಮಾನಿಟರ್ ಸತ್ತದ್ದು ಬುಧವಾರ, ಬೆಳಗಿನ ಹಾಲಿನ ಹೊತ್ತಿಗೆ,
ಕರೆಂಟು ಹೋಗಿ ಬಂದ ಏಟಿಗೆ.
ಕೊಪ್ಪಲಿನ ಮಹಿಳಾ ಡೈರಿ, ಕ್ಯೂನಲ್ಲಿ ನಲವತ್ತು ಕ್ಯಾನು,
ಗಾಜಿನ ಹಿಂದೆ ಹೊಗೆಯ ಒಂದೆಳೆ, ಅಷ್ಟೆ.
ಹೊಸದು ಮಂಡ್ಯದಿಂದ ಬರಬೇಕು ಅಂದರು ಫೋನಿನಲ್ಲಿ.
ಬರಬೇಕು ಅನ್ನುವ ಮಾತಿಗೆ ತಾರೀಖು ಇರುವುದಿಲ್ಲ.

ಪಾಂಡವಪುರದಿಂದ ಅಫ್ರೋಜ್ ಪಾಷ ಬಂದ,
ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಟಿವಿ ಕೂರಿಸಿಕೊಂಡು.
ಬೆನ್ನು ಉಬ್ಬಿದ ಹದಿನಾಲ್ಕು ಇಂಚು;
ಯಾರೋ ರಿಪೇರಿಗೆ ಕೊಟ್ಟು ಮರೆತದ್ದಂತೆ.

"ಇದರ ಬೆನ್ನಿಗೆ ಮೂರೇ ತೂತು ಅಕ್ಕ. ಹಳದಿ, ಬಿಳಿ, ಕೆಂಪು.
ಕಂಪ್ಯೂಟರಿಗೆ ಹದಿನೈದು ಪಿನ್ನು. ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ.
ನಡುವೆ ಈ ಡಬ್ಬಿ ಇರಬೇಕು."
ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು.
ಹಳದಿಗೆ ಹಳದಿ ಚುಚ್ಚಿದ.
ಬಿಳಿ, ಕೆಂಪು ಸದ್ದಿನ ವೈರುಗಳು; ಸುಮ್ಮನೆ ನೇತಾಡಿದವು,
ಪಂಚಾಯ್ತಿಗೆ ಕರೆಸಿ ಬಾಯಿ ಬಿಡಿಸದ ಸಾಕ್ಷಿಗಳ ಹಾಗೆ.

ಮೊದಲು ಬರೀ ನೀಲಿ. ಆಮೇಲೆ ಕಪ್ಪು ಬಿಳುಪು, ಉರುಳುತ್ತಾ.
ಡಬ್ಬಿಯಡಿ ಅಕ್ಕಿಕಾಳಿನಷ್ಟು ಸ್ವಿಚ್ಚು
ಯಾವುದೋ ದೇಶದ ಲೆಕ್ಕಕ್ಕೆ ತಿರುಗಿತ್ತು.
ಉಗುರಿನಲ್ಲಿ ಸರಿಸಿದ. ಬಣ್ಣ ಬಂತು.
ಕ್ಯೂನಿಂದ ಯಾರೋ: "ಪಿಚ್ಚರ್ ಸುರುವಾಯ್ತೇನವ್ವಾ?"

ಓದಲು ಕೂತೆ.
ತೆಳು ಗೆರೆಗಳೆಲ್ಲ ಚಳಿಜ್ವರದಲ್ಲಿ ನಡುಗುತ್ತಿವೆ.
ಮೂರು ಹೋಗಿ ಎಂಟಾಗಿದೆ;
ಕೆಂಪಾಜಮ್ಮನ ಸೀಮೆಹಸು ಎಂಟು ಪಾಯಿಂಟ್ ಎಂಟು ಫ್ಯಾಟು ಕೊಟ್ಟಿದೆ,
ಎಮ್ಮೆಗಳು ನಾಚಿ ತಲೆ ತಗ್ಗಿಸುವಷ್ಟು.
"ಇರ್ಲಿ ಬುಡು, ಅಂಗೇ ಬರ್ಕೋ" ಅಂದಳು, ನಗದೆ.

ಇನ್ನು ಕನ್ನಡದ ಕಥೆ.
ಪ, ಷ ಎರಡೂ ಒಂದೇ ಬಸಿರಿನವು ಇಲ್ಲಿ.
ರಿಪೇರಿ ಬಿಲ್ಲಿಗೆ ಪಾಷ ಎಂದು ಒತ್ತಿದರೆ ಪರದೆಯ ಮೇಲೆ ಪಾಪ.
ಅವನ ಬಿಳಿಗಡ್ಡ ನೋಡುತ್ತಾ ದೇವೀರಮ್ಮ,
"ಬಾ ಪಾಪ, ಕಾಪಿ ಕುಡಿ."
ಪ್ರೋತ್ಸಾಹಧನ ಹೋಗಿ ಪ್ರೋತ್ಸಾಹದನ.
ದುಡ್ಡಿನ ಬದಲು ಸರ್ಕಾರ ಹಸ ಕಟ್ಟಿಸ್ತದಾ,
ಮನೇಲಿ ಜಾಗ ಎಲ್ಲೈತೆ, ಎಂದು ಕ್ಯೂನಲ್ಲಿ ಚರ್ಚೆ.

ಮೂರನೇ ಕ್ಲಾಸಿನಲ್ಲಿ ಸಿದ್ದಲಿಂಗಪ್ಪ ಮೇಷ್ಟ್ರು
"ಹೊಟ್ಟೆ ಸೀಳು, ಹೊಟ್ಟೆ ಸೀಳೇ" ಎಂದು
ಹೊಂಗೆ ಬರಲಿನಲ್ಲಿ ಗಿಣ್ಣಿಗೆ ಹೊಡೆದು ಕಲಿಸಿದ ಸೀಳು
ಒಂದು ಹಳದಿ ವೈರಿನೊಳಗೆ ಹೋಗಿ
ಹೊಲಿಗೆಯಿಲ್ಲದೆ ಮುಚ್ಚಿಕೊಂಡಿತು.

ಪರದೆಯ ತಲೆಯಲ್ಲಿ, ಕಾರ್ಯದರ್ಶಿ: ದರಣಿ.
ನಾನೇ.
ಅಜ್ಜಿ ಕರೆಯುತ್ತಿದ್ದುದು ಹೀಗೆ, ಒಂದು ಉಸಿರು ಉಳಿಸಿ,
ಆ ಉಳಿದ ಉಸಿರಲ್ಲೇ ಇನ್ನೊಮ್ಮೆ ಕೂಗಿ.
ನಮ್ಮ ಕಡೆ ಬಾಯಿಗಳು ಮಹಾಪ್ರಾಣ ನುಂಗಿಯೇ ಬದುಕಿದವು;
ಈ ಡಬ್ಬಕ್ಕೆ ಯಾರು ಹೇಳಿಕೊಟ್ಟರೋ.
ನನ್ನ ಹೆಸರಿನ ಮೇಲೆ ಬಾಣದ ಗುರುತು ಇಟ್ಟು
ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.
ಕ್ಯಾನು ಕುಟ್ಟಿದರು.

ಇನ್ನೊಂದು ತರಲೆ ಉಳಿದಿತ್ತು.
ಚಿತ್ರ ಚೌಕಟ್ಟಿಗಿಂತ ದೊಡ್ಡದು,
ನಾಲ್ಕೂ ಅಂಚು ಪ್ಲಾಸ್ಟಿಕ್ಕಿನೊಳಗೆ ನುಗ್ಗಿವೆ.
ಹೆಸರು ಕಾಣುತ್ತೆ, ಲೀಟರು ಕಾಣುತ್ತೆ, ಫ್ಯಾಟು, ಹೇಗೋ, ಕಾಣುತ್ತೆ;
ಕೊನೆಯ ಕಾಲಂ, ರೂಪಾಯಿಯದು, ಆಚೆ.
"ಅದು ಇದರ ಹುಟ್ಟುಗುಣ" ಅಂದ ಪಾಷ, ಸ್ಕ್ರೂಡ್ರೈವರ್ ಒರೆಸುತ್ತಾ.
"ಹಳೇ ಟಿವಿ ಅಂಚು ತಿಂದೇ ತಿನ್ನುತ್ತೆ."

ದೇವೀರಮ್ಮ ಸೆರಗಿಗೆ ಕೈ ಒರೆಸಿಕೊಂಡು
ತನ್ನ ಹೆಸರಿನಿಂದ ಬೆರಳು ಹೊರಡಿಸಿದಳು,
ಲೀಟರು ದಾಟಿ, ನಡುಗುವ ಗೆರೆ ದಾಟಿ,
ಗಾಜು ಮುಗಿದು, ಕಪ್ಪು ಚೌಕಟ್ಟಿನ ಮೇಲೆ ನಿಲ್ಲಿಸಿ,
"ನಂದು ಇಲ್ಲೇನವ್ವಾ?"

ಅಲ್ಲೇ, ಅಂದೆ.

ಒತ್ತಿ ನೋಡಿದಳು. ಬೆಚ್ಚಗಿತ್ತು.